ತೊಂಬತ್ತು ದಿನದ ಟ್ರಯಲ್

ರಾತ್ರಿ ಹತ್ತು ದಾಟಿದೆ. ಕಾಲೇಜಿನ ಗೇಟಿನಿಂದ ಹಾಸನ ರೋಡಿನ ಬಸ್ ಸ್ಟಾಪಿಗೆ ಅರ್ಧ ಮೈಲಿ ಮಣ್ಣು ದಾರಿ. ದೀಪ ಗೇಟಿನ ಹತ್ರ ಒಂದು, ಸ್ಟಾಪಿನ ಹತ್ರ ಒಂದು. ನಡುವೆ ಗವ್ವನ್ನೋ ಕತ್ತಲು. ಆ ಕತ್ತಲಲ್ಲಿ ಒಬ್ಬ ನಡ್ಕೊಂಡು ಬರ್ತಿದಾನೆ. ಒಬ್ಬನೇ. ಆದ್ರೆ ನಡೆಯೋ ರೀತಿ ನೋಡಿ... ದಾರಿಯ ಬಲಗಡೆ ಅಂಚು ಹಿಡ್ಕೊಂಡು, ಎಡಗಡೆ ಇನ್ನೊಬ್ಬರು ನಡೆಯೋಷ್ಟು ಜಾಗ ಬಿಟ್ಟು.

ಚಪ್ಪಲಿ ಸದ್ದು ಮಾತ್ರ ಒಬ್ಬರದೇ. ಸರ್ರ್... ಸರ್ರ್... ಅಂತ ಮಣ್ಣು ಎಳೆಯೋ ಸದ್ದು.

ಇವನು ಯಾರೋ ಏನೋ ಅಲ್ಲ. ನಮ್ಮ ದೊಡ್ಡಮ್ಮನ ಮಗ, ಯೋಗಾನರಸಿಂಹ. ಹೊಳೆನರಸೀಪುರದಲ್ಲಿ ನಮ್ಮನೆಯಿಂದ ನಾಲ್ಕನೇ ಮನೆ. ವಯಸ್ಸು ಐವತ್ತೆರಡು. ಆ ಕಾಲೇಜಿನಲ್ಲಿ ಕಂಪ್ಯೂಟರು, ವೈಫೈ ಎಲ್ಲ ನೋಡ್ಕೊಳ್ಳೋನು. ಕಾಲೇಜಿನ ಹೆಸರು ಕೇಳ್ಬೇಡಿ, ನಾನು ಹೇಳಲ್ಲ. ಮಕ್ಕಳು ಓದ್ತಿರೋ ಜಾಗ. ಹಾಸನಕ್ಕೂ ನಮ್ಮೂರಿಗೂ ಮಧ್ಯೆ ಎಲ್ಲೋ ಒಂದು ಕಡೆ ಅಂತ ಇಟ್ಕೊಳ್ಳಿ.

ಗೇಟಿನಲ್ಲಿ ವಾಚ್‌ಮನ್ ದೇವರಾಜ್ ದಿನಾ ಒಂದೇ ಮಾತು ಹೇಳ್ತಿದ್ದ. ಅದೂ ಪಿಸುದನಿಯಲ್ಲಿ, ಯಾರಿಗೋ ಕೇಳಿಸಿಬಿಡುತ್ತೆ ಅನ್ನೋ ಹಾಗೆ.

"ಒಬ್ರೇ ಓಯ್ತಾ ಇದೀರಲ್ಲ ಸಾ... ಬಾವಿ ತಾವ ನಿಲ್ಬೇಡಿ. ಬಿರ್ರನೆ ಓಗ್ಬುಡಿ."

ಅರ್ಧ ದಾರೀಲಿ ಒಂದು ಕಪಿಲೆ ಬಾವಿ. ಎತ್ತು ಕಟ್ಟಿ ನೀರೆತ್ತುತ್ತಿದ್ದ ಕಾಲದ್ದು. ಈಗ ಎತ್ತೂ ಇಲ್ಲ, ನೀರೂ ತಳ ಕಂಡಿದೆ. ಆದ್ರೂ ರಾತ್ರಿ ಹೊತ್ತು ಒಳಗಿಂದ ಒಂದು ಸದ್ದು ಬರುತ್ತೆ. ಗುಳುಂ... ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಗುಳುಂ. ನರಸಿಂಹ ಅದರ ಕಡೆ ತಿರುಗಿ ಕೂಡ ನೋಡ್ತಿರಲಿಲ್ಲ. ನೀವೂ ಹೆದರ್ಬೇಡಿ, ಬಾವಿಯಿಂದ ಏನೂ ಬರಲ್ಲ. ಅದು ಕಪ್ಪೆ. ಈ ಕತೇಲಿ ಬರೋದು ಬೇರೆ ಕಡೆಯಿಂದ.

ಈಗ ಸ್ವಲ್ಪ ಯಂತ್ರದ ವಿಷಯ ಹೇಳ್ಬೇಕು. ಆಕಳಿಸ್ಬೇಡಿ, ಇದು ಗೊತ್ತಾಗದೆ ಮುಂದಿನದು ಗೊತ್ತಾಗಲ್ಲ. ದೊಡ್ಡ ಕಾಲೇಜು, ಆಸ್ಪತ್ರೆಗಳಲ್ಲಿ ಚಾವಣಿಗೆ ಬಿಳೀ ತಟ್ಟೆ ಥರ ಅಂಟಿಸಿರ್ತಾರಲ್ಲ, ಮಧ್ಯೆ ಒಂದು ಹಸಿರು ದೀಪ... ಅದೇ ವೈಫೈ ಕೊಡೋದು. ಆ ಕಾಲೇಜಲ್ಲಿ ಅಂಥವು ನಲವತ್ತೆಂಟು. ನಲವತ್ತೆಂಟಕ್ಕೂ ಯಜಮಾನ ಒಂದೇ ಕಪ್ಪು ಡಬ್ಬಿ. ಕಂಟ್ರೋಲರ್ ಅಂತಾರೆ. ಮೇಲಿನ ಮಹಡಿಯ ಮೂಲೆ ರೂಮಿನಲ್ಲಿ ಏಸಿ ಹಾಕಿಸ್ಕೊಂಡು ಜುಂಯ್ ಅಂತ ಕೂತಿರುತ್ತೆ. ಯಾರ ಫೋನು ಯಾವ ತಟ್ಟೆ ಕೆಳಗಿದೆ ಅಂತ ಅದಕ್ಕೆ ಗೊತ್ತು. ನೀವು ಲೈಬ್ರರಿಯಿಂದ ಕ್ಯಾಂಟೀನಿಗೆ ನಡೆದ್ರೆ ನಿಮ್ಮ ಫೋನಿನ ಹೆಸರು ಈ ತಟ್ಟೆ ಬಿಟ್ಟು ಆ ತಟ್ಟೆಗೆ ಜರುಗುತ್ತೆ. ಪರದೆ ಮೇಲೆ ಎಲ್ಲಾ ಕಾಣುತ್ತೆ.

ಡಬ್ಬಿ ಕೊಂಡ್ರೆ ಸಾಲದು. ಒಂದೊಂದು ತಟ್ಟೆಗೂ ಕಂಪನಿಯ ಲೈಸೆನ್ಸ್ ಬೇಕು. ಇಲ್ಲ ಅಂದ್ರೆ ತೊಂಬತ್ತು ದಿನ ಟ್ರಯಲ್. ತೊಂಬತ್ತೊಂದನೇ ದಿನ ನಲವತ್ತೆಂಟು ಹಸಿರು ದೀಪವೂ ಒಟ್ಟಿಗೆ ಆರಿಹೋಗುತ್ತೆ. ಕಾಲೇಜಿನ ಸೆಕ್ರೆಟರಿ ನಟರಾಜ, ಚನ್ನರಾಯಪಟ್ಟಣದ ವ್ಯಾಪಾರಸ್ಥರ ಮನೆಯವರು, "ಮುಂದಿನ ತಿಂಗಳು ತಗೊಳ್ಳೋಣ ಸಾರ್" ಅಂತಾನೇ ಇದ್ರು. ಅವರ ಮುಂದಿನ ತಿಂಗಳು ಬರಲೇ ಇಲ್ಲ. ಅದಕ್ಕೆ ನರಸಿಂಹ ಒಂದು ಉಪಾಯ ಹುಡುಕಿದ್ದ. ಡಬ್ಬಿಗೆ ಹೊರಗಿನ ಗಡಿಯಾರ ಕಾಣಿಸದ ಹಾಗೆ ಮಾಡೋದು. ತೊಂಬತ್ತು ದಿನ ತುಂಬೋಕೆ ಮುಂಚೆ ಅದರ ತಾರೀಖನ್ನ ಹಿಂದಕ್ಕೆ ತಿರುಗಿಸಿ, ಮೊದಲನೇ ದಿನಕ್ಕೆ ತಂದು ನಿಲ್ಲಿಸೋದು. ಪಾಪ, ಡಬ್ಬಿ ಇವತ್ತೇ ಟ್ರಯಲ್ ಶುರುವಾಯ್ತು ಅಂದ್ಕೊಂಡು ಮತ್ತೆ ದುಡಿಯುತ್ತೆ.

ಆ ಮೊದಲನೇ ದಿನ ಅಂದ್ರೆ ಎರಡು ಸಾವಿರದ ಇಪ್ಪತ್ತೆರಡು, ಮಾರ್ಚ್ ಏಳು.

ಆ ಮಾರ್ಚ್ ಏಳಕ್ಕೆ ಶ್ರೀಗೌರಿ ಇದ್ಲು.

ಶ್ರೀಗೌರಿ ನರಸಿಂಹನ ಹೆಂಡತಿ. ಅರಕಲಗೂಡಿನ ಕಡೆಯ ಹುಡುಗಿ. ಅದೇ ಕಾಲೇಜಿನ ಲೈಬ್ರರಿಯನ್. ಮಕ್ಕಳಿಲ್ಲ. ಇಬ್ಬರೂ ಒಟ್ಟಿಗೆ ಹೋಗೋದು, ಒಟ್ಟಿಗೆ ಬರೋದು, ಊಟದ ಕ್ಯಾರಿಯರ್ ಕೂಡ ಒಂದೇ. ದಾರಿಯುದ್ದಕ್ಕೂ ಅವಳು ಮಾತಾಡೋದು, ಇವನು ಹೂಂ ಅನ್ನೋದು. ಇಪ್ಪತ್ತಮೂರು ವರ್ಷ ಹೂಂ ಅಂದ್ಕೊಂಡೇ ಸಂಸಾರ ಮಾಡಿದ ಪುಣ್ಯಾತ್ಮ. ಮನೇಲಿ ಅವಳ ದನಿ ಇಲ್ಲದಿದ್ರೆ ಇವನೊಬ್ಬ ಇದಾನೆ ಅಂತಾನೇ ನಮಗೆ ಗೊತ್ತಾಗ್ತಿರಲಿಲ್ಲ.

ಮೇ ಹತ್ತೊಂಬತ್ತು. ಗುರುವಾರ. ಸಾಯಂಕಾಲ ನಾಲ್ಕೂ ಹತ್ತಕ್ಕೆ ಅವಳು ಲೈಬ್ರರಿಗೆ ಬೀಗ ಹಾಕಿ ಮೇಲೆ ಬಂದ್ಲು. ಕಂಟ್ರೋಲ್ ರೂಮಿನ ಬಾಗಿಲಿಗೆ ಒಳಗಿಂದ ಚಿಲಕ. ಒಳಗೆ ನರಸಿಂಹ ಫೋನಲ್ಲಿ. ಕಂಪನಿಯವನ ಹತ್ರ ಇದೇ ಲೈಸೆನ್ಸಿನ ಮಾತು. ನಲವತ್ತೆಂಟು ತಗೋಬೇಕಾ, ಐವತ್ತು ತಗೋಬೇಕಾ, ಒಂದು ವರ್ಷಕ್ಕಾ, ಮೂರು ವರ್ಷಕ್ಕಾ. ಅವಳು ಕೀಲಿ ಗೊಂಚಲಿಂದ ಬಾಗಿಲು ಬಡಿದ್ಲು. ಟಕ್ ಟಕ್... ಟಕ್.

"ರೀ... ತಲೆ ತುಂಬಾ ನೋಯ್ತಿದೆ. ಹೋಗೋಣ್ವಾ?"

"ಹತ್ತು ನಿಮಿಷ ಕಣೇ. ಕೂತ್ಕೋ."

ಹೊರಗೆ ಒಂದು ಪ್ಲಾಸ್ಟಿಕ್ ಕುರ್ಚಿ. ಕೂತ್ಲು. ಹತ್ತು ನಿಮಿಷ ನಲವತ್ತಾಯ್ತು. ಇವನು ಬಾಗಿಲು ತೆಗೆದಾಗ ಗೋಡೆಗೆ ತಲೆ ಆನಿಸ್ಕೊಂಡು ಕೂತಿದ್ಲು... ಅಷ್ಟೇ. ಮೆದುಳಿನ ರಕ್ತನಾಳ ಒಡೆದಿತ್ತು ಅಂದ್ರು ಹಾಸನದಲ್ಲಿ ಡಾಕ್ಟ್ರು. ನಲವತ್ತು ನಿಮಿಷ ಮುಂಚೆ ಕರ್ಕೊಂಡು ಬಂದಿದ್ರೆ, ಅಂತ ಇವನು ಕೇಳಿದ. ಡಾಕ್ಟ್ರು ಹೆಗಲ ಮೇಲೆ ಕೈಯಿಟ್ಟು ಹೋದ್ರು.

ಹದಿಮೂರು ದಿನದ ಕಾರ್ಯ ಮುಗಿಸಿ ಜೂನ್ ಒಂದಕ್ಕೆ ಕೆಲಸಕ್ಕೆ ಹೋದ. ಟ್ರಯಲ್ ಮುಗಿಯೋಕೆ ಮೂರೇ ದಿನ ಉಳಿದಿತ್ತು. ಯಾವ ಜ್ಞಾನವೂ ಇಲ್ಲದೆ ತಾರೀಖು ಹಿಂದಕ್ಕಿಟ್ಟ. ಮಾರ್ಚ್ ಏಳು. ಆದ್ರೆ ಒಂದು ತಪ್ಪು ಮಾಡಿದ. ಆ ಡಬ್ಬಿಗಳು ಲಂಡನ್ ಕಡೆಯ ಗಂಟೆ ಇಟ್ಕೊಳ್ಳೋವು. ನಮ್ಮ ಗಂಟೆ ಬೇಕಾದ್ರೆ ಐದೂವರೆ ಸೇರಿಸ್ಬೇಕು. ಅದನ್ನ ಸೇರಿಸಲಿಲ್ಲ. ಹೆಂಡತಿ ಹೋಗಿ ಹದಿನಾಲ್ಕನೇ ದಿನ, ಯಾರಿಗೆ ನೆನಪಿರುತ್ತೆ ಹೇಳಿ. ಹೊರಗೆ ಮಧ್ಯಾಹ್ನ ಎರಡೂಕಾಲು. ಡಬ್ಬಿ ಒಳಗೆ ಬೆಳಿಗ್ಗೆ ಎಂಟೂ ಮುಕ್ಕಾಲು.

ಐದು ನಿಮಿಷ ಆಗಿರ್ಬೇಕು. ಪರದೆ ಮೇಲೆ ಒಂದು ಹೆಸರು ಬಂತು.

ಶ್ರೀಗೌರಿ, ಲೈಬ್ರರಿ.

ಮೊದಲು ಗೇಟು... ಆಮೇಲೆ ಮೆಟ್ಟಿಲು... ಆಮೇಲೆ ಲೈಬ್ರರಿ. ಅಲ್ಲಿ ನಿಂತ್ಕೊಂಡ್ತು.

ನರಸಿಂಹ ಮನೆಗೆ ಫೋನ್ ಮಾಡಿದ. ಎತ್ತಿದ್ದು ಅವನ ಅಕ್ಕ ಗೋದಮ್ಮ. ನಮಗೆಲ್ಲ ಗೋದಕ್ಕ. ಪಕ್ಕದ ಬೀದೀಲೇ ಇರೋಳು, ತಮ್ಮನಿಗೆ ಎರಡು ಹೊತ್ತು ಬೇಯಿಸಿ ಹಾಕೋಕೆ ಬಂದಿದ್ಲು.

"ಅಕ್ಕಾ, ಗೌರಿ ಫೋನು ಎಲ್ಲಿದೆ?"

"ಬೀರೂಲಿ ಕಣೋ. ಅವಳ ಸೀರೆ ಮೇಲಿಟ್ಟಿದೀನಿ. ಚಾರ್ಜು ಹೋಗಿ ಎಷ್ಟೋ ದಿನ ಆಯ್ತು. ಯಾಕೋ?"

"ಏನಿಲ್ಲ."

ಲೈಬ್ರರಿಗೆ ಓಡಿದ. ಹೊರಗಿಂದ ಬೀಗ. ಕಿಟಕಿ ಗಾಜಿಗೆ ಮುಖ ಒತ್ತಿ ನೋಡಿದ. ಕುರ್ಚಿ ಮೇಜಿನೊಳಗೆ ತಳ್ಳಿದೆ. ಫ್ಯಾನು ನಿಂತಿದೆ. ಯಾರೂ ಇಲ್ಲ. ಮೇಲೆ ಬಂದು ನೋಡಿದ್ರೆ ಪರದೆ ಮೇಲೆ ಹೆಸರು ಹಾಗೇ ಇದೆ... ಲೈಬ್ರರಿ ತಟ್ಟೆಯ ಕೆಳಗೆ.

ಬೇರೆಯವರ ಫೋನು ಯಾಕೆ ಹಂಗೆ ಬರಲಿಲ್ಲ ಅಂತ ಕೇಳ್ಬೇಡಿ. ಬದುಕಿರೋರ ಫೋನು ಅವರವರ ಜೇಬಲ್ಲೇ ಇರುತ್ತೆ.

ಅವತ್ತಿಂದ ದಿನಾ ಹಂಗೇ. ಎರಡೂ ಇಪ್ಪತ್ತಕ್ಕೆ ಗೇಟು, ಆಮೇಲೆ ಲೈಬ್ರರಿ. ಸಂಜೆ ಆರೂವರೆಗೆ ಕ್ಯಾಂಟೀನು. ಹೊರಗೆ ಕತ್ತಲಾಗ್ತಿದ್ರೆ ಅವಳಿಗೆ ಊಟದ ಹೊತ್ತು. ರಾತ್ರಿ ಹತ್ತಕ್ಕೆ, ಡಬ್ಬಿ ಒಳಗೆ ನಾಲ್ಕೂವರೆ ಆದಾಗ, ಅವಳ ಹೆಸರು ಕಂಟ್ರೋಲ್ ರೂಮಿನ ಹೊರಗಿನ ತಟ್ಟೆಗೆ ಬರ್ತಿತ್ತು. ಒಂದು ನಿಮಿಷ ಕಾಯ್ತಿತ್ತು. ಆಮೇಲೆ ಮೆಟ್ಟಿಲು... ಗೇಟು... ಆಮೇಲೆ ಇಲ್ಲ. ಕಾಲೇಜು ಬಿಡೋ ಹೊತ್ತು. ನರಸಿಂಹನೂ ಎದ್ದು ಲೈಟ್ ಆರಿಸಿ ಜೊತೆಗೆ ಹೊರಡ್ತಿದ್ದ. ದಾರಿಯ ಎಡಗಡೆ ಜಾಗ ಬಿಡ್ತಿದ್ದದ್ದು ಅದಕ್ಕೇ. ಆದ್ರೆ ಗೇಟು ದಾಟಿದ ಮೇಲೆ ತಟ್ಟೆ ಇಲ್ಲ, ಪರದೆ ಇಲ್ಲ. ಪಕ್ಕದಲ್ಲಿ ಯಾರಾದ್ರೂ ಇದಾರಾ ಅಂತ ಹೇಳೋರು ಯಾರು? ಕಿವಿಗೊಟ್ಟು ನಡೀತಿದ್ದ. ಅವನ ಚಪ್ಪಲಿದೇ ಸದ್ದು. ಮನೆಗೆ ಬಂದು ಗೋದಕ್ಕ ಮುಚ್ಚಿಟ್ಟ ಅನ್ನ ತಣ್ಣಗೇ ತಿಂದು ಮಲಗೋದು. ಇಷ್ಟು ದೊಡ್ಡ ಊರಲ್ಲಿ ಅವನಿಗೆ ಮಾತಾಡ್ಬೇಕು ಅನ್ನಿಸ್ತಿದ್ದ ಜೀವ ಇನ್ನೊಂದಿರಲಿಲ್ಲ.

ಗೋದಕ್ಕ ಎಷ್ಟು ಬೈದ್ಲು ಅಂತೀರಿ. "ಲೋ, ಹತ್ತು ಗಂಟೆವರೆಗೆ ಯಾವ ಕಾಲೇಜೋ ನಡೆಯೋದು? ಬೇಗ ಬಾರೋ, ಬಿಸಿ ಸಾರು ಹಾಕ್ತೀನಿ." ಇವನು ಹೂಂ ಅನ್ನೋದು. ಅದೊಂದು ಕಲಿತಿದ್ನಲ್ಲ.

ಎಪ್ಪತ್ತಮೂರು ದಿನ ಕಳೆದು ಡಬ್ಬಿ ಒಳಗೆ ಮೇ ಹತ್ತೊಂಬತ್ತು ಬಂತು. ರಾತ್ರಿ ಒಂಬತ್ತೂ ನಲವತ್ತು. ಅಂದ್ರೆ ಅಲ್ಲಿ ನಾಲ್ಕೂ ಹತ್ತು. ಪರದೆ ಮೇಲೆ ಹೆಸರು ಜರುಗಿತು. ಲೈಬ್ರರಿ... ಕೆಳಗಿನ ಕಾರಿಡಾರು... ಮೆಟ್ಟಿಲು... ಮೇಲಿನ ಕಾರಿ‍ಡಾರು... ಅಷ್ಟರಲ್ಲಿ ಅವನಿಗೆ ಪರದೆ ಬೇಕಾಗಲಿಲ್ಲ. ಕಿವಿಗೇ ಕೇಳಿಸ್ತು. ರಬ್ಬರ್ ಚಪ್ಪಲಿ. ಚಪ್... ಚಪ್... ಒಂದೊಂದು ಹೆಜ್ಜೆಗೂ ನಿಂತು ನಿಂತು. ಕೀಲಿ ಗೊಂಚಲು ಝಣ್ ಅಂತು. ಆಮೇಲೆ ಬಾಗಿಲ ಮೇಲೆ...

ಟಕ್ ಟಕ್... ಟಕ್.

ನರಸಿಂಹ ಎದ್ದ. ಚಿಲಕದ ಮೇಲೆ ಕೈಯಿಟ್ಟ. ಕೈ ಅಲ್ಲೇ ನಿಂತ್ಕೊಂಡ್ತು. ತೆಗೆದಾಗ ಯಾರೂ ಇಲ್ಲದಿದ್ರೆ? ತೆಗೆದು ಬರೀ ಕುರ್ಚಿ ಕಂಡ್ರೆ, ನಾಳೆಯಿಂದ ಈ ಹೆಸರೂ ಬರದೇ ಹೋದ್ರೆ? ಹಂಗೇ ನಿಂತ. ಹೊರಗೆ ಪ್ಲಾಸ್ಟಿಕ್ ಕುರ್ಚಿ ಕರಕ್ ಅಂತು, ಯಾರೋ ಕೂತಂಗೆ. ಆಮೇಲೆ ಉಸಿರು. ಎಳೆದು ಎಳೆದು ಬಿಡೋ ಉಸಿರು. ನಲವತ್ತು ನಿಮಿಷ. ಆಮೇಲೆ ಅದೂ ಇಲ್ಲ. ಪರದೆ ಮೇಲೆ ಹೆಸರೂ ಇಲ್ಲ.

ಮುಂದಿನ ಹನ್ನೆರಡು ದಿನ ಅವನನ್ನ ನೋಡೋಕಾಗ್ತಿರಲಿಲ್ಲ. ಇನ್ನೊಂದು ಸಲ ಹೆಂಡತಿ ಸತ್ತವನ ಥರ ಇದ್ದ. ಹನ್ನೆರಡು ದಿನ ಕಳೆದ ಮೇಲೆ ಮತ್ತೆ ಗಡಿಯಾರ ಹಿಂದಕ್ಕಿಟ್ಟ. ಅದೇ ತಾರೀಖು, ಅದೇ ತಪ್ಪು ಗಂಟೆ. ಈ ಸಲ ಬೇಕೂಂತಲೇ. ಮಧ್ಯಾಹ್ನ ಎರಡೂ ಇಪ್ಪತ್ತಕ್ಕೆ ಅವಳು ಗೇಟು ದಾಟಿ ಬಂದ್ಲು.

ಹಿಂಗೇ ಹನ್ನೊಂದು ಸಲ. ಹನ್ನೊಂದು ಸಲ ಅವಳು ಬಾಗಿಲು ಬಡಿದ್ಲು. ಹನ್ನೊಂದು ಸಲ ಇವನು ತೆಗೀಲಿಲ್ಲ.

ಯಾರೋ ಅದು ಆ ಕಡೆ ಕಿಸಕ್ ಅಂದಿದ್ದು? ನಗ್ರಪ್ಪ, ನಗಿ. ರಾತ್ರಿ ಎದ್ದು ಹಿತ್ತಲಿಗೆ ಹೋಗೋವಾಗ ನಿಮ್ಮ ನಗು ನೋಡ್ತೀನಿ.

ಹೋದ ವರ್ಷ ಶಿವರಾತ್ರಿ ಹತ್ತಿರ ಬಂದಾಗ ಕಾಲೇಜಿಗೆ ತನಿಖೆಯವರು ಬರ್ತಾರೆ ಅಂತ ಪತ್ರ ಬಂತು. ಎಲ್ಲದಕ್ಕೂ ಕಾಗದ ತೋರಿಸ್ಬೇಕು. ನಟರಾಜ ಅವರು ಒಂದು ದಿನ ಖುಷಿಯಿಂದ ಮೇಲೆ ಬಂದ್ರು.

"ಸಾರ್, ನಿಮ್ಮ ಲೈಸೆನ್ಸ್ ಬಂದ್ಬುಡ್ತು! ನಲವತ್ತೆಂಟಕ್ಕೂ. ನಿಮ್ಮ ಮೇಲ್‌ಗೆ ಕಳಿಸಿದಾರೆ, ಹಾಕ್ಬುಡಿ."

ನರಸಿಂಹನ ಮುಖ ಬಿಳಚಿಕೊಂಡ್ತು. ಯಾಕೆ ಅಂದ್ರೆ, ಲೈಸೆನ್ಸ್ ಹಾಕಿದ ಕ್ಷಣ ಡಬ್ಬಿ ಕಂಪನಿಯ ಗಡಿಯಾರ ನೋಡ್ಕೊಳ್ಳುತ್ತೆ. ಇವತ್ತಿನ ತಾರೀಖಿಗೆ ಬಂದು ನಿಲ್ಲುತ್ತೆ. ಆಮೇಲೆ ಯಾರಪ್ಪ ಬಂದ್ರೂ ಅದನ್ನ ಹಿಂದಕ್ಕೆ ತಿರುಗಿಸೋಕಾಗಲ್ಲ.

"ಇನ್ನೊಂದು... ಇನ್ನೊಂದು ಮೂರು ತಿಂಗಳು ಟ್ರಯಲ್‌ನಲ್ಲೇ ನಡೆಸೋಣ ಸಾರ್."

ನಟರಾಜ ಕಣ್ಣು ಕಣ್ಣು ಬಿಟ್ರು. "ಏನ್ ಸಾರ್ ಇದು? ಲೈಸೆನ್ಸ್ ಕೊಡಿಸಿ, ಲೈಸೆನ್ಸ್ ಕೊಡಿಸಿ ಅಂತ ನನ್ನ ಪ್ರಾಣ ತಿಂದೋರು ನೀವೇ. ಮುಂದಿನ ಗುರುವಾರ ಅವರು ಬರ್ತಾರೆ. ಅಷ್ಟರೊಳಗೆ ಆಗ್ಬೇಕು. ಆ ಗಡಿಯಾರದ ಆಟ ಅವರಿಗೆ ಗೊತ್ತಾದ್ರೆ ನನ್ನ ಮಾನವೂ ಹೋಗುತ್ತೆ, ನಿಮ್ಮ ಕೆಲಸವೂ ಹೋಗುತ್ತೆ."

ಗುರುವಾರದ ಹಿಂದಿನ ದಿನ ಬುಧವಾರ. ನರಸಿಂಹ ಲೆಕ್ಕ ಹಾಕಿದ. ಆ ಬುಧವಾರ ಡಬ್ಬಿ ಒಳಗೆ ಮೇ ಹತ್ತೊಂಬತ್ತು.

ಅಲ್ಲಿವರೆಗೂ ಲೈಸೆನ್ಸ್ ಮುಟ್ಟಲಿಲ್ಲ. ದಿನಾ ಪರದೆ ಮುಂದೆ ಕೂತು ಅವಳ ಹೆಸರನ್ನೇ ನೋಡ್ತಿದ್ದ. ಗೇಟು, ಲೈಬ್ರರಿ, ಕ್ಯಾಂಟೀನು. ಊಟವಿಲ್ಲ, ನಿದ್ದೆಯಿಲ್ಲ. ಒಂದು ಮನಸ್ಸು, ಕೆಲಸ ಹೋದ್ರೆ ಹೋಗ್ಲಿ, ಡಬ್ಬೀನೇ ಕದ್ದು ಮನೆಗೆ ಒಯ್ದುಬಿಡ್ಲಾ ಅಂತ. ಆದ್ರೆ ಮನೇಲಿ ತಟ್ಟೆ ಹಾಕಿದ್ರೂ ಅವಳು ಬರೋದು ಲೈಬ್ರರಿಗೇ ಅಲ್ವಾ. ಅವಳ ದಾರಿ ಇರೋದು ಅಲ್ಲಿ.

ಬುಧವಾರ ರಾತ್ರಿ. ಮೇಲಿನ ಮಹಡೀಲಿ ಅವನೊಬ್ಬನೇ. ಏಸಿ ಗುಂಯ್ ಅಂತಿದೆ. ಡಬ್ಬಿ ಜುಂಯ್ ಅಂತಿದೆ. ಹೊರಗೆ ಕಾರಿಡಾರಿನ ಟ್ಯೂಬ್‌ಲೈಟು ಟಿಣ್... ಟಿಣ್... ಅಂತ ಹತ್ತಿ ಆರ್ತಿದೆ. ಲೈಸೆನ್ಸ್ ಹಾಕೋಕೆ ಎಲ್ಲಾ ತಯಾರು ಮಾಡಿಟ್ಟ. ಕೊನೇದಾಗಿ ಪರದೆ ಮೇಲೆ ಉದ್ದಕ್ಕೆ ಕರಾರು ಪತ್ರ ಬಂತು. ಕೆಳಗೆ ಒಪ್ಪಿಗೆ ಕೊಡೋ ಗುಂಡಿ. ಅದನ್ನ ಒತ್ತಿದ್ರೆ ಮುಗೀತು. ಒತ್ತಲಿಲ್ಲ. ಕಾದ.

ಒಂಬತ್ತೂ ನಲವತ್ತು.

ಲೈಬ್ರರಿ... ಕಾರಿಡಾರು... ಮೆಟ್ಟಿಲು...

ಚಪ್... ಚಪ್... ನಿಂತು ನಿಂತು.

ಝಣ್.

ಟಕ್ ಟಕ್... ಟಕ್.

ಹನ್ನೊಂದು ಸಲವೂ ಬರೀ ಸದ್ದು ಕೇಳಿಸಿತ್ತು. ಈ ಸಲ ಮಾತೂ ಕೇಳಿಸ್ತು. ಬಾಗಿಲ ಸಂದಿಯಿಂದ, ಉಸಿರಿನಷ್ಟೇ ಸಣ್ಣಗೆ.

"ರೀ... ತಲೆ ತುಂಬಾ ನೋಯ್ತಿದೆ..."

ಆಗ ಅವನಿಗೆ ಹೊಳೀತು. ಮೂರು ವರ್ಷ ಹೊಳೆಯದೇ ಇದ್ದದ್ದು. ಇವನು ಗಡಿಯಾರ ಹಿಂದಕ್ಕಿಟ್ಟಾಗಲೆಲ್ಲ ಅವಳು ಬರೋದಷ್ಟೇ ಅಲ್ಲ. ಆ ತಲೆನೋವೂ ಬರ್ತಿತ್ತು. ಹನ್ನೊಂದು ಸಲ ಅವಳ ತಲೆ ಒಡೆಸಿದಾನೆ. ಹನ್ನೊಂದು ಸಲ ಹೊರಗೆ ಕೂರಿಸಿ, ಒಳಗೆ ನಿಂತು, ಸಾಯೋದನ್ನ ಕೇಳಿಸ್ಕೊಂಡಿದಾನೆ. ಯಾಕೆ? ಪರದೆ ಮೇಲೆ ಹೆಸರು ನೋಡೋ ಆಸೆಗೆ. ತನ್ನ ಒಂಟಿತನಕ್ಕೆ.

ಚಿಲಕ ಎಳೆದ. ಬಾಗಿಲು ತೆಗೆದ.

ಕಾರಿಡಾರು ಖಾಲಿ. ಕುರ್ಚಿ ಖಾಲಿ. ಟಿಣ್... ಟಿಣ್...

ತಿರುಗಿ ಪರದೆ ನೋಡಿದ. ಅವಳ ಹೆಸರು ಅಲ್ಲೇ ಇದೆ, ಹೊರಗಿನ ತಟ್ಟೆಯ ಕೆಳಗೆ. ಅವನು ನಿಂತಿದ್ದ ಜಾಗದಿಂದ ನಾಲ್ಕು ಹೆಜ್ಜೆ.

"ಗೌರೀ..." ಅಂದ. "ನಡಿ, ಹೋಗೋಣ. ನಾನು ಫೋನ್ ಇಟ್ಟೆ ಕಣೇ. ನಡಿ."



ಕುರ್ಚಿ ಪಕ್ಕದಲ್ಲಿ ನೆಲದ ಮೇಲೆ ಕೂತು ಅತ್ತ. ಮಗು ಥರ ಅತ್ತೆ ಅಂತ ಅವನೇ ಹೇಳಿದ್ದು. ಕಾರ್ಯದ ದಿನಗಳಲ್ಲೂ ಅವನ ಕಣ್ಣಲ್ಲಿ ಒಂದು ಹನಿ ನಾವು ಕಂಡಿರಲಿಲ್ಲ. ಆಮೇಲೆ ಎದ್ದ. ಇನ್ನು ಇಪ್ಪತ್ತು ನಿಮಿಷ ಬಿಟ್ರೆ ಆ ಉಸಿರು ಮತ್ತೆ ನಿಲ್ಲುತ್ತೆ. ಅದನ್ನ ಹನ್ನೆರಡನೇ ಸಲ ಆಗೋಕೆ ಬಿಡಬಾರದು. ಒಳಗೆ ಹೋದ. "ಸಾಕು ಕಣೇ, ಇನ್ನು ನೋಯಲ್ಲ" ಅಂತ ಹೇಳಿ ಒಪ್ಪಿಗೆ ಗುಂಡಿ ಒತ್ತಿದ.

ಡಬ್ಬಿಯ ಫ್ಯಾನು ಒಂದು ಸಲ ಭರ್ರ್ ಅಂತ ಜೋರಾಗಿ ತಿರುಗಿ ನಿಧಾನ ಆಯ್ತು. ಪರದೆ ಮೇಲೆ ತಾರೀಖು ಮೂರು ವರ್ಷ ಮುಂದಕ್ಕೆ ಹಾರಿತು. ಮಾರ್ಚ್ ಐದು, ರಾತ್ರಿ ಒಂಬತ್ತೂ ಐವತ್ತೆಂಟು. ಸರಿಯಾದ ಗಂಟೆ. ನಲವತ್ತೆಂಟು ತಟ್ಟೆಗೂ ಲೈಸೆನ್ಸ್ ಇದೆ ಅಂತ ಬಂತು. ಕೆಳಗೆ ಫೋನುಗಳ ಪಟ್ಟಿ. ಹಾಸ್ಟೆಲ್ ಹುಡುಗರದು ಹತ್ತಾರು. ದೇವರಾಜನದು ಒಂದು. ಅವನದೊಂದು.

ಅವಳದಿಲ್ಲ.

ಹಿಂದಿನ ತಾರೀಖು ಹಾಕೋಕೆ ಒಂದು ಸಲ ಪ್ರಯತ್ನಪಟ್ಟ. ಮನುಷ್ಯ ತಾನೇ. ಡಬ್ಬಿ ಆಗಲ್ಲ ಅಂತು.

ಬಾಗಿಲು ಹಾಕಿ ಕೆಳಗಿಳಿದ. ದೇವರಾಜ್ ರೇಡಿಯೋ ಹಚ್ಚಿಟ್ಟು ನಿದ್ದೆ ಹೋಗಿದ್ದ. ನರಸಿಂಹ ತಾನೇ ಗೇಟು ತಳ್ಕೊಂಡು ಹೊರಗೆ ಬಂದ. ಆವತ್ತು ದಾರಿಯ ಅಂಚು ಹಿಡೀಲಿಲ್ಲ. ನಟ್ಟ ನಡುವೆ ನಡೆದ. ಇನ್ನು ಯಾರಿಗೆ ಜಾಗ ಬಿಡೋದು? ಬಾವಿ ಬಂತು, ಹೋಯ್ತು. ಅರ್ಧ ಮೈಲಿ ಅಷ್ಟು ಉದ್ದ ಇದೆ ಅಂತ ಅವನಿಗೆ ಅವತ್ತೇ ಗೊತ್ತಾಗಿದ್ದಂತೆ. ಹೆಂಡತಿ ಸತ್ತಿದ್ದು ಅವತ್ತೇ ಅನ್ನಿಸ್ತಂತೆ.

ಹತ್ತೂ ನಲವತ್ತಕ್ಕೆ ಹಾಸನದಿಂದ ಕೊನೇ ಬಸ್ಸು ಬಂತು. ಹಿಂದಿನ ಸೀಟಲ್ಲಿ ಇಬ್ಬರು ಮಲಗಿದ್ರು, ಮುಂದೆ ಒಬ್ಬ ಮುದುಕ. ನರಸಿಂಹ ಇಬ್ಬರು ಕೂರೋ ಸೀಟಲ್ಲಿ ಕೂತು ಕಣ್ಣು ಮುಚ್ಚಿದ. ಕಂಡಕ್ಟರ್ ಬಂದ. ಇವನು ಕಣ್ಣು ತೆಗೀದೆ ದುಡ್ಡು ಚಾಚಿ "ಹೊಳೆನರಸೀಪುರ" ಅಂದ. ಮಿಷನ್ನು ಕರ್ರ್ ಅಂತು... ಮತ್ತೆ ಕರ್ರ್ ಅಂತು. ಕೈಗೆ ಬಂದಿದ್ದನ್ನ ಶರಟಿನ ಜೇಬಿಗೆ ತುರುಕಿದ. ಮನೆಗೆ ಬಂದು ಹಾಗೇ ಮಲಗಿದ. ಮೂರು ವರ್ಷದಲ್ಲಿ ಮೊದಲನೇ ಸಲ ಬೆಳಗಾಗೋವರೆಗೂ ಮೈಮರೆತು ಮಲಗಿದ.

ಬೆಳಿಗ್ಗೆ ಗೋದಕ್ಕ ಬಟ್ಟೆ ನೆನೆಸೋಕೆ ಶರಟು ತಗೊಂಡ್ಲು. ಜೇಬು ನೋಡದೆ ನೀರಿಗೆ ಹಾಕೋಳಲ್ಲ ಅವಳು.

"ಲೋ ನರಸಿಂಹ," ಅಂದ್ಲು ಹಿತ್ತಲಿಂದಲೇ. "ನಿನ್ನೆ ಯಾರೋ ನಿನ್ನ ಜೊತೆ ಬಂದಿದ್ದು?"

"ಯಾರೂ ಇಲ್ಲಕ್ಕ."

"ಸುಳ್ಳು ಹೇಳ್ಬೇಡ್ವೋ. ಎರಡು ಟಿಕೆಟ್ ಇದೆ. ಒಂದು ನಿಂದು, ದುಡ್ಡು ಕೊಟ್ಟಿದ್ದು. ಇನ್ನೊಂದು ಯಾರೋ ಹೆಂಗಸಿಂದು ಕಣೋ. ಹೆಂಗಸರಿಗೆ ಪುಕ್ಕಟೆ ಕೊಡ್ತಾರಲ್ಲ, ಸೊನ್ನೆ ರೂಪಾಯಿದು. ಅದೇ ಸ್ಟಾಪಿಂದ, ನಮ್ಮೂರಿಗೇ. ಅದೇ ಗಂಟೆ, ಅದೇ ನಿಮಿ..."

ಮಾತು ಅಲ್ಲಿಗೆ ನಿಂತ್ಹೋಯ್ತು. ನರಸಿಂಹ ಎದ್ದು ಹಿತ್ತಲಿಗೆ ಬಂದು ನೋಡಿದಾಗ ಗೋದಕ್ಕ ಟಿಕೆಟ್ ಹಿಡ್ಕೊಂಡು ತೊಟ್ಟಿ ಪಕ್ಕದಲ್ಲಿ ಕೂತುಬಿಟ್ಟಿದ್ಲು. ಅವನು ಅದನ್ನ ಇಸ್ಕೊಂಡು ಓದಿದ. ಹೋಗಿ ಮುಂಬಾಗಿಲು ತೆಗೆದಿಟ್ಟು ಬಂದ.

ಒಂದು ಮಾತು ಹೇಳ್ತೀನಿ ಕೇಳಿ. ಹೆಂಗಸರಿಗೆ ಬಸ್ಸು ಪುಕ್ಕಟೆ ಆಗಿದ್ದು ಶ್ರೀಗೌರಿ ಹೋಗಿ ಒಂದು ವರ್ಷ ಕಳೆದ ಮೇಲೆ. ಅವಳು ಇದ್ದಾಗ ಅಂಥ ಟಿಕೆಟ್ಟೇ ಇರಲಿಲ್ಲ.

ನಾನು ಇದನ್ನೆಲ್ಲ ಸುಮ್ಮನೆ ನಂಬೋನಲ್ಲ. ಆ ಬಸ್ಸಿನ ಕಂಡಕ್ಟರನ್ನ ಹುಡುಕಿದೆ. ಗೊರೂರಿನವನು. ನಮ್ಮ ಬಸ್ ಸ್ಟ್ಯಾಂಡಲ್ಲಿ ಕಾಫಿ ಕುಡೀತಿದ್ದ. ಕೈ ತಪ್ಪಿ ಒಂದು ಟಿಕೆಟ್ ಜಾಸ್ತಿ ಒತ್ತಿರ್ಬೇಕಲ್ವಾ ಅಂತ ಕೇಳಿದೆ. ಅವನಿಗೆ ಸಿಟ್ಟೇ ಬಂತು.

"ಅದೆಂಗ್ ಒತ್ತಕಾಯ್ತದೆ ಸಾ? ಆಧಾರ್ ಕಾರ್ಡ್ ನೋಡ್ದೆ ನಾನು ಲೇಡೀಸ್ ಟಿಕೆಟ್ ಕೊಡಾಕಿಲ್ಲ. ಚೆಕಿಂಗ್‌ನೋರು ಬಂದ್ರೆ ನನ್ ಕೆಲ್ಸ ಓಯ್ತದೆ."

ಲೋಟ ಇಟ್ಟು ಹೊರಟುಹೋದ. ಟಿಕೆಟ್ ಗೋದಕ್ಕನ ಹತ್ರ ಇದೆ, ದೇವರ ಮನೆ ಗೂಡಲ್ಲಿ. ನಾನೇ ಕೈಯಲ್ಲಿ ಹಿಡಿದು ಓದಿದೀನಿ. ಮಹಿಳೆ, ಒಂದು.